ಪ್ಯಾಂಟು ಬಳ್ಳಾರಿಯದು, ಹೊಲಿಗೆ ರಾಯದುರ್ಗದ್ದು

ಕೋಟೆ ಬೆಟ್ಟದ ಬಂಡೆಗಳು ಕಾಯುವ ಮೊದಲೇ ರಾಯದುರ್ಗದ ಓಣಿಗಳಲ್ಲಿ ಹೊಲಿಗೆ ಮೋಟಾರುಗಳ ಸದ್ದು ಶುರುವಾಗಿರುತ್ತದೆ. ಹಿಂದೆ ಆಳೆತ್ತರದ ನೀಲಿ ಗಂಟು ಹೇರಿಕೊಂಡ ಟಿವಿಎಸ್ ಎಕ್ಸ್‌ಎಲ್ ಒಂದು ಮನೆಯ ಮುಂದೆ ನಿಲ್ಲುತ್ತದೆ. ಹುಡುಗ ಬಂಡಲ್ ಇಳಿಸುತ್ತಾನೆ. "ಅಕ್ಕಾ, ಸಂಜೀಕೆ ಬೇಕು." ಒಳಗಿನಿಂದ ಮಾತು ಬರುತ್ತದೆ, "ಮೊದಲು ನಿನ್ನೇದರ ಲೆಕ್ಕ ಹೇಳಪ್ಪ." ಅವಳು ಅಂಗಳ ಗುಡಿಸಿ, ಮಕ್ಕಳಿಗೆ ಬುತ್ತಿ ಕಟ್ಟಿ, ಹತ್ತು ನಿಮಿಷದಲ್ಲಿ ಮಿಷನ್ ಮುಂದೆ ಕೂತಿರುತ್ತಾಳೆ. ಮಧ್ಯಾಹ್ನದ ಹೊತ್ತಿಗೆ ಬೆರಳ ತುದಿಗಳಿಗೆ ನೀಲಿ ಹತ್ತಿರುತ್ತದೆ. ಸೋಪಿಗೆ ಅದು ಪೂರ್ತಿ ಹೋಗುವುದಿಲ್ಲ.

ಬಳ್ಳಾರಿ ಜೀನ್ಸ್ ಎಂಬ ಹೆಸರು ನಮಗೆಲ್ಲ ಗೊತ್ತು. ಬೆಂಗಳೂರಿನ ಬೀದಿ ಬದಿಯಿಂದ ಊರ ಸಂತೆಯ ತನಕ ಅಗ್ಗದ, ಗಟ್ಟಿ ಪ್ಯಾಂಟಿಗೆ ಅದೇ ಗುರುತು. ಆದರೆ ಆ ಉದ್ಯಮ ಬಳ್ಳಾರಿ ಪಟ್ಟಣದ ಎಲ್ಲೆಯೊಳಗೇ ಮುಗಿಯುವುದಿಲ್ಲ. ಅಲ್ಲಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ, ರಾಜ್ಯದ ಗಡಿ ದಾಟಿದ ಮೇಲೆ ಸಿಗುವ ರಾಯದುರ್ಗವೂ ಅದೇ ಉದ್ಯಮದ ಊರು. 2011ರ ಜನಗಣತಿಯಲ್ಲಿ 60 ಸಾವಿರ ಮೀರಿದ ಈ ಪಟ್ಟಣದಲ್ಲಿ ಜೀನ್ಸ್ ಹೊಲಿಯುವವರು, ಕತ್ತರಿಸುವವರು, ಕಾಜಾ ಹಾಕುವವರು, ದಾರ ಕತ್ತರಿಸುವವರು, ಇಸ್ತ್ರಿ ಮಾಡುವವರು ಓಣಿ ಓಣಿಯಲ್ಲೂ ಇದ್ದಾರೆ.

ಗೆರೆ ಎಳೆದದ್ದು 1953ರಲ್ಲಿ

ರಾಯದುರ್ಗ ಇಂದು ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯಲ್ಲಿದೆ. ಹಿಂದೆ ಅದು ಬಳ್ಳಾರಿ ಜಿಲ್ಲೆಯದೇ ತಾಲ್ಲೂಕು. 1800ರಲ್ಲಿ ನಿಜಾಮರು ಬ್ರಿಟಿಷರಿಗೆ ಬಿಟ್ಟುಕೊಟ್ಟ ಸೀಮೆ ಮದ್ರಾಸ್ ಪ್ರಾಂತ್ಯ ಸೇರಿತು. ಆ ದತ್ತಮಂಡಲದಲ್ಲಿ ಬಳ್ಳಾರಿ ಬಹುದೊಡ್ಡ ಜಿಲ್ಲೆ. ಅನಂತಪುರ ಜಿಲ್ಲೆ ಎಂಬುದೇ 1882ರಲ್ಲಿ ಬಳ್ಳಾರಿಯನ್ನು ಒಡೆದು ಮಾಡಿದ್ದು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ರಾಯದುರ್ಗ, ಆದವಾನಿ, ಆಲೂರು ತಾಲ್ಲೂಕುಗಳು ಆ ಕಡೆ ಹೋದವು. ಬಳ್ಳಾರಿ ತಾಲ್ಲೂಕಿನ ಬಗ್ಗೆ ಜಗಳ ಬಿರುಸಾಗಿ, ನ್ಯಾಯಮೂರ್ತಿ ಮಿಶ್ರಾ ಅವರ ವರದಿಯ ನಂತರ ಅದು ಮೈಸೂರು ರಾಜ್ಯಕ್ಕೆ ಸೇರಿತು. ಹೀಗೆ ಒಂದೇ ಜಿಲ್ಲೆಯಾಗಿದ್ದ ಸಂತೆ, ಸಂಬಂಧ, ಸಾಲದ ವ್ಯವಹಾರಗಳ ನಡುವೆ ರಾಜ್ಯದ ಗಡಿ ಬಂತು.

ಗಡಿ ಬಂದರೂ ರೈಲು ಹಳಿ ಕೀಳಲಿಲ್ಲ, ಬಸ್ಸು ನಿಲ್ಲಲಿಲ್ಲ, ಹೆಣ್ಣು ಕೊಟ್ಟು ತರುವುದೂ ನಿಲ್ಲಲಿಲ್ಲ. ರಾಯದುರ್ಗದಿಂದ ಜಿಲ್ಲಾಕೇಂದ್ರ ಅನಂತಪುರಕ್ಕೆ ಇರುವ ದೂರದ ಅರ್ಧದಲ್ಲೇ ಬಳ್ಳಾರಿ ಮುಟ್ಟಬಹುದು. ರೇಷ್ಮೆ ಸೀರೆಯ ಮೊಳಕಾಲ್ಮೂರು ಇನ್ನೂ ಹತ್ತಿರ. ಪಕ್ಕದ ಡಿ. ಹಿರೇಹಾಳು, ಬೊಮ್ಮನಹಾಳು ಮಂಡಲಗಳ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಕಾಗದ ತೆಲುಗು. ಹೊಲಿಗೆ ಮನೆಗಳಲ್ಲಿ ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ, ನಡುವೆ ಉರ್ದು ಕೂಡ. ಜೀನ್ಸ್ ಉದ್ಯಮ ಬೆಳೆದದ್ದು ಈ ಹಳೆಯ ಬಳಕೆಯ ದಾರಿಯಲ್ಲೇ.

ಮಳೆ ನಂಬಿ ಬದುಕಲಾಗದ ಸೀಮೆ

ಹೊಲಿಗೆಗೆ ಜನ ಯಾಕೆ ಬಂದರು ಎಂಬುದಕ್ಕೆ ಮೊದಲ ಉತ್ತರ ಮಳೆ. ಅನಂತಪುರ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ ಸುಮಾರು 550 ಮಿಲಿಮೀಟರ್. ಮುಂಗಾರು ಪಶ್ಚಿಮಘಟ್ಟದಲ್ಲಿ ಸುರಿದು ಬರಿದಾಗಿ ಇಲ್ಲಿಗೆ ಬರುತ್ತದೆ. ಹಿಂಗಾರು ಕರಾವಳಿಯಲ್ಲೇ ಸೋತಿರುತ್ತದೆ. ರಾಯದುರ್ಗದ ಉತ್ತರಕ್ಕೆ, ಕಣೇಕಲ್ಲು, ಬೊಮ್ಮನಹಾಳು ಕಡೆ ವೇದಾವತಿ ಹಗರಿಯ ಮರಳು ಗಾಳಿಗೆ ಎದ್ದು ಹೊಲಗಳ ಮೇಲೆ ದಿಬ್ಬವಾಗಿ ಕೂರುತ್ತದೆ. ಬಯಲುಸೀಮೆ ಕಂಡವರಿಗೂ ಅಲ್ಲಿನ ನೋಟ ಗಾಬರಿ ಹುಟ್ಟಿಸುತ್ತದೆ.

ಈ ನೆಲದ ಬೆಳೆ ಶೇಂಗಾ. ಅದು ಒಂದು ವರ್ಷ ಬಂದರೆ ಎರಡು ವರ್ಷ ಕೈಕೊಡುತ್ತದೆ. ಬೋರ್‌ವೆಲ್ ಕೊರೆಸಿ ಸಾಲ ಮಾಡಿಕೊಂಡ ಮನೆಯವರು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುತ್ತಾರೆ. ಊರು ಬಿಡಲಾಗದ ಹೆಂಗಸರಿಗೆ, ಮುದುಕರನ್ನು ನೋಡಿಕೊಳ್ಳಬೇಕಾದವರಿಗೆ ಮಿಷನ್ ಆಸರೆ ಆಗಿದೆ.

ಎರಡನೆಯ ಉತ್ತರ ಕೈಕಸುಬು. ನೇಕಾರರು, ದರ್ಜಿಗಳು ಈ ಪಟ್ಟಣಗಳಿಗೆ ಹೊಸಬರಲ್ಲ. ಬಳ್ಳಾರಿ ಬ್ರಿಟಿಷರ ದೊಡ್ಡ ದಂಡಿನ ಊರು. ಮಹಾಯುದ್ಧದ ಕಾಲದಲ್ಲಿ ಸೈನಿಕರ ಸಮವಸ್ತ್ರ ಹೊಲಿದು ಪಳಗಿದ ದರ್ಜಿಗಳ ಮನೆತನಗಳೇ ಮುಂದೆ ಜೀನ್ಸ್‌ಗೆ ತಿರುಗಿದವು ಎಂದು ಬಳ್ಳಾರಿಯಲ್ಲಿ ಹೇಳುತ್ತಾರೆ. 1980ರ ದಶಕದಲ್ಲಿ ಅಹಮದಾಬಾದಿನ ಮಿಲ್ಲುಗಳು ಡೆನಿಮ್ ನೇಯತೊಡಗಿದವು. ಬಟ್ಟೆ ದೇಶದೊಳಗೇ ಸಿಕ್ಕಿತು. ಗಟ್ಟಿ ಬಟ್ಟೆ ಹೊಲಿದು ಗೊತ್ತಿದ್ದ ಕೈಗಳು ಇಲ್ಲಿದ್ದವು. ಕೆಲಸ ಹೆಚ್ಚಾದಂತೆ ಬಂಡಲ್‌ಗಳು ಬಳ್ಳಾರಿಯ ಕೌಲ್‌ಬಜಾರ್ ಬಿಟ್ಟು ಹೊರಟವು, ರಾಯದುರ್ಗದ ತನಕ ಬಂದವು.

ಇನ್ನೊಂದು ಹಳೆಯ ನಂಟನ್ನೂ ಇಲ್ಲಿ ಹೇಳಬೇಕು. ಜೀನ್ಸ್‌ನ ಬಣ್ಣ ಇಂಡಿಗೊ, ನಮ್ಮ ನೀಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ದತ್ತಮಂಡಲದ ಕಡಪ ಕಡೆ ನೀಲಿ ಗಿಡ ಬೆಳೆದು, ತೊಟ್ಟಿಯಲ್ಲಿ ಕೊಳೆಸಿ, ಬಣ್ಣದ ಉಂಡೆ ಮಾಡಿ ಮದ್ರಾಸಿನ ಹಡಗು ಹತ್ತಿಸುತ್ತಿದ್ದರು. 1897ರಲ್ಲಿ ಜರ್ಮನಿಯ ಬಿಎಎಸ್ಎಫ್ ಕಂಪನಿ ರಾಸಾಯನಿಕ ನೀಲಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಆ ಬೆಳೆ ನೆಲಕಚ್ಚಿತು. ದೂರದ ಕಾರ್ಖಾನೆಯೊಂದರ ತೀರ್ಮಾನಕ್ಕೆ ಈ ಸೀಮೆಯ ದುಡಿಮೆ ಬಲಿಯಾದದ್ದು ಅದೇ ಕೊನೆಯಲ್ಲ.

ಒಂದು ಪ್ಯಾಂಟು, ಹಲವು ಕೈ

ಜೀನ್ಸ್ ಹೊಲಿಯುವುದು ಸಾಮಾನ್ಯ ಹೊಲಿಗೆಯಲ್ಲ. ಮನೆಯಲ್ಲಿ ರವಿಕೆ ಹೊಲಿಯುವ ಮಿಷನ್ನಿಗೆ ಈ ಬಟ್ಟೆ ಬಗ್ಗುವುದಿಲ್ಲ. ಡೆನಿಮ್‌ನ ತೂಕವನ್ನು ಔನ್ಸ್‌ನಲ್ಲಿ ಹೇಳುತ್ತಾರೆ. ಒಂದು ಚದರ ಗಜಕ್ಕೆ 10ರಿಂದ 14 ಔನ್ಸ್ ಇರುವ ಬಟ್ಟೆ ಗಂಡಸರ ಪ್ಯಾಂಟಿಗೆ ಬರುತ್ತದೆ. ಹಾಸಿನ ನೂಲಿಗೆ ನೀಲಿ ಹಾಕಿರುತ್ತಾರೆ, ಹೊಕ್ಕಿನ ನೂಲು ಬಿಳಿ. ನೀಲಿ ನೂಲಿನ ತಿರುಳಿಗೆ ಇಳಿಯುವುದಿಲ್ಲ, ಮೇಲ್ಮೈಗೆ ಮಾತ್ರ ಕೂರುತ್ತದೆ. ಹಾಗಾಗಿಯೇ ಜೀನ್ಸ್ ಉಜ್ಜಿದಂತೆಲ್ಲ ಬೆಳ್ಳಗಾಗುತ್ತದೆ, ಹೊಲಿಯುವವಳ ಬೆರಳಿಗೂ ಹತ್ತುತ್ತದೆ.

ಕೆಲಸ ಕಟಿಂಗ್ ಮಾಸ್ಟರ್‌ನಿಂದ ಶುರು. ಉದ್ದದ ಮೇಜಿನ ಮೇಲೆ ಥಾನು ಬಿಚ್ಚಿ ಪದರದ ಮೇಲೆ ಪದರ ಹಾಸುತ್ತಾರೆ. ಮೇಲೆ ಅಳತೆಯ ಗೆರೆ ಬರೆದು, ನೆಟ್ಟಗೆ ನಿಂತ ಅಲಗಿನ ಕರೆಂಟ್ ಕತ್ತರಿಯನ್ನು ಗೆರೆಯ ಮೇಲೆ ನಡೆಸುತ್ತಾರೆ. ಕಟಿಂಗ್ ಮಾಸ್ಟರ್ ಕೈ ಅರ್ಧ ಇಂಚು ಜಾರಿದರೆ ಇಡೀ ಹಾಸು ಹಾಳು. ಆದ್ದರಿಂದ ಅವನಿಗೆ ಊರಿನಲ್ಲಿ ಮರ್ಯಾದೆ ಇದೆ, ಸಂಬಳವೂ ಉಳಿದವರಿಗಿಂತ ಮೇಲು. ಒಂದು ಪ್ಯಾಂಟಿಗೆ ಹೆಚ್ಚುಕಡಿಮೆ ಒಂದೂಕಾಲು ಮೀಟರ್ ಬಟ್ಟೆ ಬೇಕು. ಗೆರೆಗಳನ್ನು ಒತ್ತೊತ್ತಾಗಿ ಜೋಡಿಸಿ ಅದರಲ್ಲಿ ಉಳಿಸಿದ ಒಂದೊಂದು ಬೆರಳ ಅಗಲವೂ ಮಾಲೀಕರಿಗೆ ಲಾಭ.

ಕತ್ತರಿಸಿದ ತುಂಡುಗಳಿಗೆ ನಂಬರ್ ಚೀಟಿ ಅಂಟುತ್ತದೆ. ಒಂದೇ ಥಾನಿನ ಮೇಲ್ಪದರಕ್ಕೂ ಕೆಳಪದರಕ್ಕೂ ಬಣ್ಣದಲ್ಲಿ ಕೂದಲೆಳೆಯ ವ್ಯತ್ಯಾಸ ಇರುವುದರಿಂದ ಎಡಗಾಲು ಬಲಗಾಲು ಒಂದೇ ಪದರದವು ಸೇರಬೇಕು. ಆಮೇಲೆ ಬಂಡಲ್ ಕಟ್ಟಿ ಮಿಷನ್ ಸಾಲಿಗೆ. ಒಬ್ಬರು ಮುಂದಿನ ಜೇಬು, ಒಬ್ಬರು ಜಿಪ್, ಒಬ್ಬರು ಹಿಂದಿನ ಜೇಬು ಹೊಲಿಯುತ್ತಾರೆ. ಒಳಗಾಲಿನ ಎರಡು ದಾರದ ಹೊಲಿಗೆಗೆ ತೋಳಿನಂಥ ಮಿಷನ್ ಬೇರೆ. ಸೊಂಟದ ಬೆಲ್ಟ್, ಲೂಪು, ಕಾಲ ಮಡಿಕೆ, ಕಾಜಾ, ಗುಂಡಿ, ಓವರ್‌ಲಾಕ್, ಒಂದೊಂದಕ್ಕೂ ಬೇರೆ ಕೈ, ಬೇರೆ ದರ.

ಕಷ್ಟದ ಜಾಗ ಕಾಲುಗಳೆರಡೂ ಸೇರುವ ಕವಲು. ಅಲ್ಲಿ ನಾಲ್ಕು ದಿಕ್ಕಿನ ಮಡಿಕೆ ಹೊಲಿಗೆಗಳು ಒಂದರ ಮೇಲೊಂದು ಕೂತು ಬಟ್ಟೆ ಹಲಗೆಯಂತೆ ಗಡುಸಾಗಿರುತ್ತದೆ. ಪಳಗಿದ ಹೆಂಗಸು ಆ ಗಂಟು ಬರುವ ಮೊದಲೇ ಪೆಡಲಿನ ಮೇಲಿನ ಪಾದ ಸಡಿಲಿಸುತ್ತಾಳೆ, ಬಲಗೈಯಲ್ಲಿ ಚಕ್ರ ಹಿಡಿದು ಸೂಜಿಯನ್ನು ಒಂದೊಂದೇ ಹೊಲಿಗೆಯಾಗಿ ದಾಟಿಸುತ್ತಾಳೆ. ಕೆಲವರು ಪಕ್ಕದಲ್ಲೇ ಸಣ್ಣ ಸುತ್ತಿಗೆ ಇಟ್ಟುಕೊಂಡು ಆ ಜಾಗವನ್ನು ಎರಡು ಸಲ ಬಡಿದು ಮೆತ್ತಗೆ ಮಾಡಿ ಸೂಜಿಗೆ ಕೊಡುತ್ತಾರೆ. ಅವಸರ ಮಾಡಿದರೆ ಸೂಜಿ ಮುರಿದು ಚೂರು ಹಾರುತ್ತದೆ. ಕಣ್ಣಿಗೆ ಬೀಳುವುದೂ ಉಂಟು, ಬೆರಳಿಗೆ ಇಳಿಯುವುದೂ ಉಂಟು. ಈ ನಯ ಕಲಿಯಲು ತಿಂಗಳುಗಟ್ಟಲೆ ಬೇಕು, ಕಲಿಸುವ ಶಾಲೆ ಇಲ್ಲ. ಅಕ್ಕನ ಪಕ್ಕ ಕೂತು ತಂಗಿ ಕಲಿಯುತ್ತಾಳೆ. ನಮ್ಮ ಸರ್ಕಾರಿ ಕಾಗದಗಳಲ್ಲಿ ಇವರನ್ನು ಕೌಶಲವಿಲ್ಲದವರ ಪಟ್ಟಿಗೆ ಸೇರಿಸುವವರು ಒಂದು ದಿನ ಆ ಕವಲಿನ ಹೊಲಿಗೆ ಹಾಕಿ ನೋಡಬೇಕು.

ಜೇಬಿನ ಮೂಲೆಗೆ ಹೊಡೆಯುವ ತಾಮ್ರದ ರಿವೆಟ್ಟಿಗೂ ದುಡಿಯುವವರ ಕಥೆ ಇದೆ. ಅಮೆರಿಕದ ನೆವಾಡಾದಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿ, ಕೂಲಿಗಳ ಜೇಬು ಮೇಲಿಂದ ಮೇಲೆ ಹರಿಯುವುದನ್ನು ಕಂಡು ಅಲ್ಲಿ ಲೋಹದ ಮೊಳೆ ಹೊಡೆದ. ಬಟ್ಟೆ ವ್ಯಾಪಾರಿ ಲೆವಿ ಸ್ಟ್ರಾಸ್ ಜೊತೆ ಸೇರಿ 1873ರ ಮೇ 20ರಂದು ಅದಕ್ಕೆ ಪೇಟೆಂಟ್ ಪಡೆದ. ಗಣಿ, ರೈಲು ಹಳಿಗಳಲ್ಲಿ ಮೈಮುರಿದು ದುಡಿಯುವವರಿಗಾಗಿ ಹುಟ್ಟಿದ ಉಡುಪು ಅದು.

ಬಟವಾಡೆಯ ಲೆಕ್ಕ

ರಾಯದುರ್ಗದ ಹೊಲಿಗೆ ಬಹುಪಾಲು ಜಾಬ್ ವರ್ಕ್. ಬಟ್ಟೆ, ದಾರ, ಜಿಪ್ ಕೊಡುವ ವ್ಯಾಪಾರಿ ಬಳ್ಳಾರಿಯಲ್ಲೋ ಬೆಂಗಳೂರಿನಲ್ಲೋ ಇರುತ್ತಾನೆ. ಊರಿನ ಯೂನಿಟ್ ಮಾಲೀಕ ಹೊಲಿದು ಕೊಡುತ್ತಾನೆ. ಆತನೂ ಹಲವೊಮ್ಮೆ ನಿನ್ನೆಯ ದರ್ಜಿಯೇ, ಸಾಲ ಮಾಡಿ ನಾಲ್ಕಾರು ಮಿಷನ್ ಹಾಕಿಕೊಂಡವನು. ಅವನಿಗೂ ಬಿಲ್ ತಡವಾಗಿಯೇ ಬರುತ್ತದೆ. ಅವನ ಕೆಳಗೆ ಪೀಸ್ ರೇಟಿನ ಕೈಗಳು. ಅವರಿಗೂ ಕೆಳಗೆ ಮನೆಯಲ್ಲೇ ಕೂತು ದಾರದ ತುದಿ ಕತ್ತರಿಸುವ, ಗುಂಡಿ ಹಚ್ಚುವ ಅಜ್ಜಿಯರು, ಬಾಣಂತಿಯರು.

ಪೀಸ್ ರೇಟಿನಲ್ಲಿ ಚುರುಕು ಕೈಗೆ ಲಾಭ ಇದೆ, ನಿಜ. ಆದರೆ ಕರೆಂಟ್ ಹೋದ ಗಂಟೆ, ಬಟ್ಟೆ ಬಾರದ ದಿನ, ಸೂಜಿ ಚುಚ್ಚಿ ಕೂತ ವಾರ ಎಲ್ಲವೂ ಹೊಲಿಯುವವರ ಲೆಕ್ಕಕ್ಕೇ ನಷ್ಟ. ದೀಪಾವಳಿ, ಸಂಕ್ರಾಂತಿಯ ಮುಂಚೆ ರಾತ್ರಿ ಹಗಲೂ ಕೆಲಸ, ಆಮೇಲೆ ವಾರಗಟ್ಟಲೆ ಖಾಲಿ. ಮಗಳ ಮದುವೆಗೋ ಆಸ್ಪತ್ರೆಗೋ ಮಾಲೀಕನಿಂದ ಅಡ್ವಾನ್ಸ್ ತೆಗೆದುಕೊಂಡವರು ಅದು ತೀರುವ ತನಕ ಬೇರೆ ಕಡೆ ಹೋಗುವಂತಿಲ್ಲ, ದರ ಕೇಳುವಂತೆಯೂ ಇಲ್ಲ.

ಕಾನೂನಿನ ರಕ್ಷಣೆ ಸಂಖ್ಯೆ ನೋಡಿ ಬರುತ್ತದೆ. ಆಸ್ಪತ್ರೆ ಖರ್ಚು ನೋಡಿಕೊಳ್ಳುವ ಇಎಸ್ಐ ವಿಮೆ ಬೇಕಾದರೆ ಒಂದು ಜಾಗದಲ್ಲಿ 10 ಜನ ಇರಬೇಕು, ಭವಿಷ್ಯನಿಧಿಗೆ (ಪಿಎಫ್) 20 ಜನ. ಎಂಟು ಮಿಷನ್ನಿನ ಯೂನಿಟ್ಟಿಗೆ ಎರಡೂ ಇಲ್ಲ. ಒಂದೇ ಬಟ್ಟೆ ನಾಲ್ಕು ಮನೆಗಳಲ್ಲಿ ನಾಲ್ಕು ಹಂತ ದಾಟಿ ಪ್ಯಾಂಟಾದರೆ, ಅದನ್ನು ಮಾಡಿದ ಮೂವತ್ತು ಜನರೂ ಕಾಗದದಲ್ಲಿ ಎಲ್ಲೂ ಒಟ್ಟಿಗೆ ಕಾಣುವುದಿಲ್ಲ. ಮನೆಯಲ್ಲೇ ದುಡಿಯುವವರನ್ನೂ ಕಾರ್ಮಿಕರೆಂದೇ ಎಣಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲೇ ಒಪ್ಪಂದ ಮಾಡಿತು. ಭಾರತ ಅದಕ್ಕೆ ಇನ್ನೂ ಸಹಿಯ ಮುದ್ರೆ ಒತ್ತಿಲ್ಲ.

ಹೊಡೆತಗಳು ಬಂದಾಗ ಈ ಸಣ್ಣವರಿಗೇ ಮೊದಲು ಬಿದ್ದವು. 2016ರ ನವೆಂಬರಿನ ನೋಟು ರದ್ದತಿಯಿಂದ ನಗದಿನ ಬಟವಾಡೆಗೆ ಪೆಟ್ಟು ಬಿತ್ತು. 2017ರ ಜುಲೈ 1ರಿಂದ ಜಿಎಸ್‌ಟಿ ಬಂದು ರಾಜ್ಯದ ಗಡಿ ದಾಟುವ ಬಂಡಲ್ಲಿಗೂ ಕಾಗದ ಬೇಕಾಯಿತು. ಬಳ್ಳಾರಿಯೊಳಗೇ ಹೊಲಿಸಿದರೆ ಒಂದು ರಾಜ್ಯದ ಲೆಕ್ಕ, ರಾಯದುರ್ಗಕ್ಕೆ ಕಳಿಸಿದರೆ ಎರಡು ರಾಜ್ಯಗಳ ಲೆಕ್ಕ. 2020ರ ಲಾಕ್‌ಡೌನಿನಲ್ಲಿ ಆ ಗಡಿಯೇ ಮುಚ್ಚಿತು. ತುಸು ಸಮಾಧಾನವೆಂದರೆ, 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿ ತನಕದ ಸಿದ್ಧ ಉಡುಪಿಗೆ ಶೇ 5ರ ತೆರಿಗೆ ಎಂದಾಗಿದೆ. ಇಲ್ಲಿ ಹೊಲಿಯುವ ಪ್ಯಾಂಟುಗಳೆಲ್ಲ ಬಹುತೇಕ ಆ ಮಿತಿಯೊಳಗಿನವೇ.

ನೀಲಿ ನೀರು ಎಲ್ಲಿ ಹೋಗುತ್ತದೆ

ಹೊಲಿದ ಪ್ಯಾಂಟು ಅಟ್ಟೆಯ ಹಾಗೆ ಬಿರುಸು. ಅಂಗಡಿಯಲ್ಲಿ ಕಾಣುವ ಮೆತ್ತನೆಯ, ಅಲ್ಲಲ್ಲಿ ಬಿಳಿಚಿದ ರೂಪ ಬರುವುದು ವಾಷಿಂಗ್ ಯೂನಿಟ್ಟಿನಲ್ಲಿ. ಮೊದಲು ಕಿಣ್ವ ಹಾಕಿ ಗಂಜಿ ಬಿಡಿಸುತ್ತಾರೆ. ಪ್ಯೂಮಿಸ್ ಎಂಬ ಹಗುರ ಜ್ವಾಲಾಮುಖಿ ಕಲ್ಲಿನ ಜೊತೆ ಡ್ರಮ್ಮಿನಲ್ಲಿ ತಿರುಗಿಸುತ್ತಾರೆ. ಬ್ಲೀಚ್ ಮಾಡುತ್ತಾರೆ. ತೊಡೆಯ ಮೇಲೆ ಬಿಳಿ ಪಟ್ಟೆ ಬೇಕೆಂದರೆ ಪೊಟ್ಯಾಸಿಯಂ ಪರ್ಮಾಂಗನೇಟ್ ಸಿಂಪಡಿಸುತ್ತಾರೆ. ಪ್ರತಿ ಹಂತದ ನಂತರವೂ ನೀರು. ಒಂದು ಪ್ಯಾಂಟು ಹತ್ತಾರು ಲೀಟರ್ ನೀರು ಕುಡಿದು ಹೊರಬರುತ್ತದೆ.

ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಶುದ್ಧೀಕರಣ ಘಟಕ ಹಾಕುವ ಶಕ್ತಿ ಒಬ್ಬೊಬ್ಬ ಸಣ್ಣ ಮಾಲೀಕನಿಗಿಲ್ಲ. ಹಾಕದೆ ಬಿಟ್ಟರೆ ನೀಲಿ ನೀರು ಚರಂಡಿ, ಹಳ್ಳ, ಕಡೆಗೆ ಯಾರದೋ ಬಾವಿ ಸೇರುತ್ತದೆ. ಯೂನಿಟ್ ಮುಚ್ಚಿಸಿದರೆ ಹೊಲಿಯುವವರ ಅನ್ನ ಹೋಗುತ್ತದೆ. ಎಲ್ಲರ ನೀರನ್ನೂ ಒಂದು ಕಡೆ ಸೇರಿಸಿ ತಿಳಿಮಾಡಿ ಮತ್ತೆ ಬಳಸುವ ಸಾಮೂಹಿಕ ಘಟಕವೊಂದೇ ದಾರಿ, ಅದನ್ನು ಸರ್ಕಾರವೇ ಮುಂದೆ ನಿಂತು ಕಟ್ಟಬೇಕು. ಕರ್ನಾಟಕದ 2023ರ ವಿಧಾನಸಭಾ ಚುನಾವಣೆಯಲ್ಲಿ ಬಳ್ಳಾರಿಗೆ 5,000 ಕೋಟಿ ರೂಪಾಯಿಯ ಜೀನ್ಸ್ ಪಾರ್ಕಿನ ಭರವಸೆ ಕೇಳಿಬಂತು. ಅಂಥ ಯೋಜನೆ ಗಡಿಯ ಆಚೆಗಿನ ಹೊಲಿಗೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಅರ್ಧ ಉದ್ಯಮಕ್ಕೆ ಮಾತ್ರ ಆದೀತು.

ತೊಳೆಯುವವರ ಮೈಯ ಮಾತೂ ಇದೆ. ಬಟ್ಟೆ ಮಾಸಲು ಮಾಡಲು ಮರಳು ಎರಚುವ ಪದ್ಧತಿಯಿಂದ ಕಾರ್ಮಿಕರ ಶ್ವಾಸಕೋಶ ಹಾಳಾದ್ದು ಕಂಡು ಟರ್ಕಿ ದೇಶ 2009ರಲ್ಲಿ ಅದನ್ನು ನಿಷೇಧಿಸಿತು. ಪರ್ಮಾಂಗನೇಟ್ ಸಿಂಪಡಿಸುವ ಕೈಗೆ ಗವಸು, ಮೂಗಿಗೆ ಸರಿಯಾದ ಮುಖಗವಸು, ಕೋಣೆಗೆ ಗಾಳಿ, ಇಷ್ಟು ಕೇಳುವುದು ದುಬಾರಿ ಬೇಡಿಕೆಯಲ್ಲ.

ರತ್ನಗಿರಿಯ ಕಡೆಯ ಬಸ್ಸು

ಇದೇ ಗಡಿಯಲ್ಲಿ ಇನ್ನಷ್ಟು ದಕ್ಷಿಣಕ್ಕೆ ಮಡಕಶಿರಾ ಇದೆ. ಮೂರು ಕಡೆ ಕರ್ನಾಟಕ ಸುತ್ತುವರಿದ ಆ ಸೀಮೆಯ ರೊಳ್ಳ ಮಂಡಲದಲ್ಲಿ ರತ್ನಗಿರಿ, ಪಾಳೇಗಾರರ ಕೋಟೆಯ ಊರು. ಹತ್ತಿರದ ಹೇಮಾವತಿ ನೊಳಂಬ ಅರಸರ ಕಾಲದ ಹೆಂಜೇರು. ಅಲ್ಲಿನ ಕನ್ನಡ ಶಾಸನಗಳೂ ಗುಡಿಗಳೂ ಸಾವಿರ ವರ್ಷ ದಾಟಿವೆ. ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡೆ ಮಂಡಲಗಳಲ್ಲಿ ಕನ್ನಡ ಶಾಲೆಗಳು ಇಂದಿಗೂ ಇವೆ. 2022ರ ಏಪ್ರಿಲ್ 4ರಿಂದ ಮಡಕಶಿರಾ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ರಾಯದುರ್ಗ ಅನಂತಪುರದಲ್ಲೇ ಉಳಿದಿದೆ.

ಮಡಕಶಿರಾ ಸೀಮೆಯಲ್ಲಿ ಬಂಡಲ್ ಮನೆಗೆ ಬರುವುದಿಲ್ಲ, ಜನರೇ ಕೆಲಸದ ಹಿಂದೆ ಹೋಗುತ್ತಾರೆ. ಹಿಪ್ಪುನೇರಳೆ, ಕಡಲೆಕಾಯಿ, ಅಡಿಕೆ ಇರುವವರು ಊರಿನಲ್ಲಿ ಉಳಿಯುತ್ತಾರೆ. ಗೂಡು ಮಾರಲು, ಹುಣಸೆ ಮಾರಲು ಹಿಂದೂಪುರದ ಮಾರುಕಟ್ಟೆ ಇದೆ. ಜಮೀನು ಇಲ್ಲದ ಮನೆಗಳ ಹುಡುಗಿಯರು ಬೆಳಗಿನ ಕತ್ತಲಲ್ಲೇ ಎದ್ದು ಹಿಂದೂಪುರದ ಕಾರ್ಖಾನೆಗಳಿಗೆ, ಶಿರಾದ ಗಾರ್ಮೆಂಟ್ಸ್‌ಗೆ ಬಸ್ಸು ಹಿಡಿಯುತ್ತಾರೆ. ಅವರಿಗೆ ಪೀಸ್ ರೇಟಿನ ಬದಲು ತಿಂಗಳ ಸಂಬಳ, ಇಎಸ್ಐ ಚೀಟಿ, ಪಿಎಫ್ ನಂಬರ್ ಸಿಗುತ್ತದೆ. ಹಾದಿಯಲ್ಲಿ ದಿನದ ಗಂಟೆಗಳು ಕಳೆಯುತ್ತವೆ. ರಾಯದುರ್ಗ, ರತ್ನಗಿರಿ ಎರಡೂ ಊರುಗಳ ಹುಡುಗಿಯರು ಹಾಕುವ ಹೊಲಿಗೆ ಒಂದೇ, ಒಬ್ಬಳಿಗೆ ಆಸ್ಪತ್ರೆಯ ಹಕ್ಕು ಇದೆ, ಇನ್ನೊಬ್ಬಳಿಗೆ ಇಲ್ಲ. ನನ್ನ ಮಟ್ಟಿಗೆ ಈ ಗಡಿಸೀಮೆಯ ದೊಡ್ಡ ಅನ್ಯಾಯ ಇದೇ.

ಪಟ್ಟಿಯಲ್ಲಿ ಇಲ್ಲದ ಹೆಸರು

ಸರ್ಕಾರಗಳು ಕಸುಬುದಾರರಿಗೆ ಏನೂ ಮಾಡಿಲ್ಲ ಎನ್ನಲಾಗದು. ಆಂಧ್ರದ ಹಿಂದಿನ ಸರ್ಕಾರ ಸ್ವಂತ ಮಗ್ಗ ಇದ್ದ ನೇಕಾರರಿಗೆ ವರ್ಷಕ್ಕೆ 24,000 ರೂಪಾಯಿ, ಅಂಗಡಿ ಇದ್ದ ದರ್ಜಿಗಳಿಗೆ 10,000 ರೂಪಾಯಿ ಕೊಟ್ಟಿತು. ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರಿನಿಂದ ದರ್ಜಿಗಳಿಗೂ 15,000 ರೂಪಾಯಿಯ ಸಲಕರಣೆ, ಶೇ 5ರ ಬಡ್ಡಿಯಲ್ಲಿ ಸಾಲ ಕೊಡುತ್ತದೆ. ಮಗ್ಗ ಇದ್ದವರು, ಅಂಗಡಿ ಇದ್ದವರು, ಸ್ವಂತ ಕಸುಬು ನಡೆಸುವವರು ಇವುಗಳ ಲೆಕ್ಕಕ್ಕೆ ಸಿಗುತ್ತಾರೆ. ಪರರ ಮಿಷನ್ನಿನಲ್ಲಿ, ಪರರ ಬಟ್ಟೆಗೆ, ಪರರ ಹೆಸರಿನ ಪ್ಯಾಂಟು ಹೊಲಿಯುವ ಹೆಂಗಸು ಯಾವ ಪಟ್ಟಿಯಲ್ಲೂ ಸುಲಭವಾಗಿ ಕೂರುವುದಿಲ್ಲ. ರಾಯದುರ್ಗದ ದುಡಿಮೆ ನಿಂತಿರುವುದು ಅವಳ ಮೇಲೆ.

ಜೀನ್ಸ್ ಒಂದೇ ಊರಿಗೆ ಕಟ್ಟುಬಿದ್ದ ಉದ್ಯಮವಲ್ಲ ಎಂಬುದನ್ನೂ ಮರೆಯಬಾರದು. ಜೀನ್ಸ್ ಹುಟ್ಟಿಸಿದ ಲೆವಿ ಸ್ಟ್ರಾಸ್ ಕಂಪನಿಯೇ ಟೆಕ್ಸಾಸಿನ ಸ್ಯಾನ್ ಆಂಟೋನಿಯೊದಲ್ಲಿದ್ದ ತನ್ನ ಕೊನೆಯ ಅಮೆರಿಕನ್ ಹೊಲಿಗೆ ಕಾರ್ಖಾನೆಗಳನ್ನು 2003-04ರ ಹೊತ್ತಿಗೆ ಮುಚ್ಚಿತು. ಕೂಲಿ ಅಗ್ಗ ಇರುವ ಕಡೆ ಕೆಲಸ ಹೊರಟಿತು. ಅಗ್ಗದ ಕೂಲಿಯನ್ನೇ ನಂಬಿದ ಊರಿನಿಂದ ಕೆಲಸ ಎದ್ದುಹೋಗಲು ಇನ್ನೊಂದು ಅಗ್ಗದ ಊರು ಸಿಕ್ಕರೆ ಸಾಕು. ರಾಯದುರ್ಗ ಉಳಿಯಬೇಕಾದರೆ ಕೈಕೌಶಲಕ್ಕೆ ಪ್ರಮಾಣಪತ್ರ, ಹೊಲಿದವರ ಊರಿನ ಹೆಸರು ಚೀಟಿಯ ಮೇಲೆ, ತೊಳೆದ ನೀರಿಗೆ ಶುದ್ಧೀಕರಣ, ಇವು ಬೇಕು. ಬಳ್ಳಾರಿ, ಅನಂತಪುರ ಜಿಲ್ಲಾಡಳಿತಗಳು ಒಂದೇ ಮೇಜಿನ ಸುತ್ತ ಕೂತು ಈ ಉದ್ಯಮದ ಬಗ್ಗೆ ಮಾತಾಡಬೇಕು.

ಅದಾಗುವ ತನಕ ಕೈಯಲ್ಲಿರುವ ಕೆಲಸ ಒಂದಿದೆ. ಇಎಸ್ಐ, ಪಿಎಫ್ ಇಲ್ಲದ, ಆದಾಯ ತೆರಿಗೆ ಕಟ್ಟದ, 16ರಿಂದ 59 ವರ್ಷದೊಳಗಿನ ಯಾವುದೇ ಅಸಂಘಟಿತ ಕಾರ್ಮಿಕರು ಕೇಂದ್ರದ ಇ-ಶ್ರಮ್ ಪಟ್ಟಿಯಲ್ಲಿ ಹೆಸರು ಬರೆಸಬಹುದು. ಆಧಾರ್, ಅದಕ್ಕೆ ಜೋಡಿಸಿದ ಮೊಬೈಲ್ ಮತ್ತು ಬ್ಯಾಂಕ್ ಖಾತೆ ಸಾಕು. ಖಾತೆ ಇರುವ ಬ್ಯಾಂಕಿನಲ್ಲೇ ವರ್ಷಕ್ಕೆ 20 ರೂಪಾಯಿ ಕಟ್ಟಿದರೆ ಸುರಕ್ಷಾ ಬಿಮಾ ಯೋಜನೆಯಲ್ಲಿ 2 ಲಕ್ಷ ರೂಪಾಯಿಯ ಅಪಘಾತ ವಿಮೆ ಸಿಗುತ್ತದೆ. ಗಡಿನಾಡಿನ ಕನ್ನಡ ಶಾಲೆಯ ಮೇಷ್ಟ್ರುಗಳು, ಕಾಲೇಜಿಗೆ ಹೋಗುವ ಮಕ್ಕಳು ಒಂದು ಭಾನುವಾರ ಬಿಡುವು ಮಾಡಿಕೊಂಡು ತಮ್ಮ ಓಣಿಯಲ್ಲಿ ಮಿಷನ್ ತುಳಿಯುವ ಅಕ್ಕಂದಿರ ಹೆಸರುಗಳನ್ನು ಆ ಪಟ್ಟಿಗೆ ಬರೆಸಿಕೊಡಲಿ.